ಟೀಚರ್‌ಗೆ ಬೈಯೋಕೂ ಶಕ್ತಿ ಇರಲಿಲ್ಲ

ಬೇರೆಯವರ ಮನೆಗೆ ಕಾಯಿಲೆ ಬಂದರೆ ಕಾಯಿಲೆ ಒಂದೇ ಬರುತ್ತದೆ. ನಮ್ಮ ಮನೆಗೆ ಬಂದರೆ ಒಂದು ನಗೆಪಾಟಲನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಅತ್ತೆನೋ ನಕ್ಕೆನೋ ಅಂತ ಆಮೇಲೆ ಯೋಚನೆ ಮಾಡಿದರೆ ನನಗೇ ನೆನಪಿರುವುದಿಲ್ಲ.

ನನ್ನದು ಹೊಳಲ್ಕೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟು, ತಿರುಗದ ಫ್ಯಾನು, ಹೊಗೆ ಬಂದ ಮಿಕ್ಸಿ, ಇವೇ ನನ್ನ ಗಿರಾಕಿಗಳು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಊರೆಲ್ಲ ಅವಳನ್ನು ಟೀಚರ್ ಅನ್ನುತ್ತದೆ. ಮದುವೆಯಾದ ಹೊಸದರಲ್ಲಿ ನಾನೂ ತಮಾಷೆಗೆ ಹಾಗೆ ಕರೆದೆ. ಆಮೇಲೆ ಬೇರೆ ಹೆಸರಲ್ಲಿ ಕರೆಯೋಕೆ ಧೈರ್ಯ ಬರಲಿಲ್ಲ.

ಅವಳು ತಾಳ್ಯದ ಕಡೆಯ ಕುರಿ ಸಾಕುವ ಮನೆಯ ಮಗಳು. ಗಂಟಲು ಅಂದರೆ ಗಂಟಲು. ಸ್ಕೂಲಿನಲ್ಲಿ ಸೀಟಿ ಕೊಟ್ಟಿದ್ದರು, ಅದು ಬೀರುವಿನಲ್ಲಿ ಹೊಸದಾಗೇ ಇತ್ತು. ಕಾಲೇಜಿನಲ್ಲಿ ಗುಂಡು ಎಸೆತದಲ್ಲಿ ಗೆದ್ದವಳು. ಆಮೇಲೆ ಮೈ ಬಂತು, ಸಕ್ಕರೆ ಬಂತು, ಮಂಡಿ ನೋವು ಬಂತು. ಕೊನೆಗೆ ಒಂದು ದಿನ ಹುಡುಗಿಯರಿಗೆ ಬಗ್ಗಿ ಕಾಲು ಮುಟ್ಟುವುದನ್ನು ತೋರಿಸಲು ಹೋಗಿ, ಬಗ್ಗಿದವಳು ಏಳಲಾಗದೆ ಇಬ್ಬರು ಹುಡುಗಿಯರು ಎತ್ತಿ ನಿಲ್ಲಿಸಬೇಕಾಯಿತು. ಅವತ್ತು ಮನೆಗೆ ಬಂದವಳೇ, "ರೀ, ಮೈ ಇಳಿಸೋ ಆಪರೇಷನ್ ಮಾಡಿಸ್ಕಂತೀನಿ" ಅಂದಳು. ಕೇಳಿದ್ದಲ್ಲ, ಹೇಳಿದ್ದು.

ಬಾಳೆಹಣ್ಣು

ದಾವಣಗೆರೆಯ ಡಾಕ್ಟರು ಬಹಳ ಸಮಾಧಾನದ ಮನುಷ್ಯ. ಒಂದು ಹಾಳೆ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. "ನೋಡಿ, ಈ ಚೀಲದಲ್ಲಿ ಮುಕ್ಕಾಲು ಭಾಗ ತೆಗೆದುಬಿಡ್ತೀವಿ. ಒಂದು ಬಾಳೆಹಣ್ಣಿನಷ್ಟು ಉಳಿಸ್ತೀವಿ."

ನನಗೆ ಒಂದು ಅನುಮಾನ ಬಂತು. ಅನುಮಾನ ಬಂದರೆ ಕೇಳಬೇಕು ಅಂತ ಡಾಕ್ಟರೇ ಹೇಳಿದ್ದರು.

"ಯಾವ ಬಾಳೆಹಣ್ಣು ಸಾರ್? ಏಲಕ್ಕಿನೋ, ಪಚ್ಚಬಾಳೆನೋ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಗುಡುಗು ಬಂತು.

"ರೀ, ಸುಮ್ನೆ ಕುಂತ್ಕಳ್ರಿ! ಡಾಕ್ಟ್ರು ಹಣ್ಣಿನ ಅಂಗಡಿ ಇಟ್ಕಂಡಿಲ್ಲ! ಹೆಂಡ್ತಿ ಹೊಟ್ಟೆ ಕುಯ್ಯೋ ವಿಷ್ಯ ಮಾತಾಡುವಾಗ ನಿಮಗೆ ಏಲಕ್ಕಿ ಬಾಳೆ ನೆಪ್ಪಾತಾ?"

ಹೊರಗೆ ನಡೆದು ಹೋಗುತ್ತಿದ್ದ ನರ್ಸ್ ಇಣುಕಿ ನೋಡಿದಳು. ಸಾಲಿನಲ್ಲಿ ಕುಳಿತಿದ್ದ ರೋಗಿಗಳೆಲ್ಲ ನೆಟ್ಟಗೆ ಕುಳಿತರು. ಡಾಕ್ಟರೂ ಸ್ವಲ್ಪ ನೆಟ್ಟಗಾದರು ಅಂತ ನನ್ನ ನೆನಪು.

ಆಪರೇಷನ್ನಿಗೆ ಮುಂಚೆ ನಾನು ತಿಂದ ಕೊನೆಯ ಬೈಗುಳ ಅದು. ಮೊದಲೇ ಗೊತ್ತಿದ್ದರೆ ಇನ್ನೂ ನಾಕು ಪ್ರಶ್ನೆ ಕೇಳಿಬಿಡುತ್ತಿದ್ದೆ.

ಒದ್ದೆ ಟವೆಲ್

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಊಟ ಬಹಳ ಕಮ್ಮಿ ಹೋಗುತ್ತೆ, ಅದಕ್ಕೆ ಕೆಲವು ತಿಂಗಳು ಸುಸ್ತು ಇರುತ್ತೆ. ಪ್ರೋಟೀನ್ ಪುಡಿ, ವಿಟಮಿನ್ ಗುಳಿಗೆ ತಪ್ಪಿಸಬೇಡಿ, ನೀರು ಗುಟುಕು ಗುಟುಕಾಗಿ ಕುಡೀರಿ. ಹೆದರಬೇಡಿ" ಅಂದಿದ್ದರು. ಸುಸ್ತು ಅಂದರೆ ನಾನು ಮದುವೆ ಮನೆಯಲ್ಲಿ ಓಡಾಡಿದರೆ ಆಗುತ್ತದಲ್ಲ, ಅಂಥದ್ದು ಅಂದುಕೊಂಡೆ. ಇದು ಬೇರೆ ಜಾತಿಯದು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಿ ಬಂದರೆ ಅವಳು ಇನ್ನೊಂದು ನಿದ್ದೆ ಮಾಡಬೇಕು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಅರ್ಧದಲ್ಲೇ ಇಳಿಸಿಬಿಡುವಳು. ಮಾತಾಡಿದರೆ ಪಿಸುಮಾತು.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವನು ಅಭ್ಯಾಸದಂತೆ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆದೆ. ಎಸೆದ ಮೇಲೆ ಬೈಗುಳಕ್ಕೆ ಕಾದು ನಿಂತೆ. ಇಷ್ಟು ವರ್ಷದಲ್ಲಿ ಈ ಒಂದು ತಪ್ಪಿಗೆ ನಾನು ತಿಂದ ಬೈಗುಳ ಕಟ್ಟಿದ್ದರೆ ಒಂದು ಮೂಟೆ ಆಗುತ್ತಿತ್ತು. ಅವಳು ಕಣ್ಣು ಬಿಟ್ಟಳು, ಟವೆಲ್ ನೋಡಿದಳು, ಒಂದು ಬೆರಳಲ್ಲಿ ಅದನ್ನು ಆಚೆ ತಳ್ಳಿ ಮತ್ತೆ ಕಣ್ಣು ಮುಚ್ಚಿದಳು.

ಮೊದಲ ದಿನ ಬಚಾವಾದೆ ಅನ್ನಿಸಿತು. ಎರಡನೇ ದಿನ ಏನೋ ಕಳೆದುಹೋದಂಗೆ ಅನ್ನಿಸಿತು. ಆಮೇಲೆ ಬೇಕಂತಲೇ ಎಸೆಯಲು ಶುರು ಮಾಡಿದೆ. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದೆ. ಗ್ರೀಸ್ ಕೈಯಲ್ಲಿ ಗೋಡೆ ಮುಟ್ಟಿದೆ. ಹಾಡು ಹಗಲಲ್ಲಿ ಮೂರು ಲೈಟು ಹಾಕಿ ಅವಳ ಎದುರಿಗೇ ಓಡಾಡಿದೆ. ಏನೂ ಇಲ್ಲ. "ಟೀಚರ್, ಮೂರೂ ಲೈಟ್ ಉರೀತಾ ಅವೆ" ಅಂತ ನಾನೇ ಬಾಯಿಬಿಟ್ಟು ಹೇಳಿದೆ. "ಉರೀಲಿ ಬಿಡ್ರಿ" ಅಂದಳು.

ಪಕ್ಕದ ಮನೆಯಾಕೆ ಕಾಂಪೌಂಡ್ ಹತ್ತಿರ ಬಂದು, "ಅಣ್ಣ, ಟೀಚರ್ ತವರುಮನೆಗೆ ಹೋಗವ್ರಾ?" ಅಂದಳು.

"ಇಲ್ಲಮ್ಮ, ಒಳಗೇ ಅವ್ಳೆ. ಯಾಕೆ?"

"ನಮ್ಮ ಹುಡುಗ್ರು ದಿನಾ ಸ್ಕೂಲಿಗೆ ಲೇಟು ಅಣ್ಣ. ನಮ್ಮನೇಲಿ ಗಡಿಯಾರ ಕೆಟ್ಟು ಎಷ್ಟೋ ವರ್ಷ ಆತು. ಟೀಚರ್ ನಿಮಗೆ ಬೈಯಾಕೆ ಶುರು ಮಾಡಿದ್ರೆ ಏಳೂವರೆ ಅಂತ ನಾವು ಲೆಕ್ಕ ಇಟ್ಕಂಡಿದ್ವಿ."

ಹಾಲಿನವನಿಗೂ ಸುದ್ದಿ ಹೋಯಿತು. ಮೊದಲು ಅವನು ಟೀಚರ್‌ಗೆ ಹೆದರಿ ನಮ್ಮ ಬಾಗಿಲಲ್ಲಿ ಗಟ್ಟಿ ಹಾಲೇ ಅಳೆಯುತ್ತಿದ್ದ. ಈಗ ನೀರು ಬೆರೆತ ನೀಲಿ ಬಣ್ಣದ ಹಾಲು ಬರತೊಡಗಿತು. ಸಿಟ್ಟು ಬರಲಿ ಅಂತ ಆ ಹಾಲನ್ನು ಲೋಟದಲ್ಲಿ ಹಾಕಿ ಅವಳ ಮುಖದ ಮುಂದೆ ಹಿಡಿದೆ. ಅವಳು ನೋಡಿದಳು. ನನಗೆ ಆಸೆ ಮೂಡಿತು.

"ಡಾಕ್ಟ್ರು ತೆಳ್ಳಗಿರಾದನ್ನೇ ಕುಡೀರಿ ಅಂದಿದ್ರಲ್ಲ," ಅಂದಳು, "ಪಾಪ, ನೆಪ್ಪಿಟ್ಕಂಡು ತಂದವ್ನೆ."

ಅವ್ವನ ಔಷಧಿ

ಅವಳ ಅವ್ವ ಸುದ್ದಿ ಕೇಳಿ ತಾಳ್ಯದಿಂದ ಬಂದರು. ಒಂದು ಕೈಯಲ್ಲಿ ರಾಗಿಹಿಟ್ಟಿನ ಗಂಟು, ಇನ್ನೊಂದು ಕೈಯಲ್ಲಿ ಸ್ಟೀಲಿನ ಡಬ್ಬಿ ತುಂಬ ಕಾಲು ಸೂಪು. ಬಾಗಿಲಲ್ಲಿ ನಿಂತು ಮಗಳನ್ನು ನೋಡಿದವರೇ ಸೆರಗು ಬಾಯಿಗೆ ಒತ್ತಿಕೊಂಡರು.

"ಹೊಟ್ಟೆ ತುಂಬ ಉಣ್ಲಿ ಅಂತ ಸಾಕಿದೆ ಕಣಪ್ಪ ನಾನು. ಇವಳು ಹೋಗಿ ಹೊಟ್ಟೇನೇ ಕುಯ್ಸ್ಕಂಡು ಬಂದವ್ಳೆ."

ನಾನು ಬಾಳೆಹಣ್ಣಿನ ಲೆಕ್ಕ ಹೇಳಿದೆ. ಅವ್ವನಿಗೆ ಅದು ಹಿಡಿಸಲಿಲ್ಲ. ಸೂಪನ್ನು ಬಿಸಿ ಮಾಡಿ, ಸೋಸಿ, ಒಂದು ಲೋಟ ತಂದು ಕೊಟ್ಟರು. ಟೀಚರ್ ಎರಡು ಚಮಚ ಕುಡಿದು, "ಸಾಕವ್ವ" ಅಂದಳು. ಅವ್ವ ಲೋಟದೊಳಗೆ ಇಣುಕಿ ನೋಡಿ, "ನಿನ್ನೆ ಹುಟ್ಟಿದ ಮರಿಗೂ ಇಷ್ಟು ಸಾಲಾದಿಲ್ಲ" ಅಂತ ಅಡುಗೆಮನೆಗೆ ಹೋಗಿ ಒಬ್ಬರೇ ಕುಳಿತರು. ನಾನು ಇಣುಕಿದೆ. ಮುಖ ಗೋಡೆ ಕಡೆಗಿತ್ತು.

ಸ್ವಲ್ಪ ಹೊತ್ತಿಗೆ ಎದ್ದು ಬಂದರು. ಕಣ್ಣು ಒರೆಸಿಕೊಂಡಾಗಿತ್ತು, ಉಪಾಯವೂ ಸಿಕ್ಕಿತ್ತು.

"ನೋಡಪ್ಪ, ಮಂದೇಲಿ ಒಂದು ಕುರಿ ಮೇವು ಬಿಟ್ರೆ ಅದರ ಎದುರಿಗೆ ಚೆನ್ನಾಗಿ ಮೇಯೋ ಕುರಿ ತಂದು ನಿಲ್ಲಿಸ್ತೀವಿ. ಅದು ಮೇಯಾದು ನೋಡಿ ನೋಡಿ ಇದ್ಕೂ ಆಸೆ ಹುಟ್ತೈತೆ. ನೀನು ಬಾ, ಇವಳ ಎದುರಿಗೆ ಕುಂತ್ಕ."

ಅವ್ವ ಇರುವವರೆಗೂ ನಾನು ಮೇಯುವ ಕುರಿಯಾದೆ. ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು, ಕೋಳಿ, ಮತ್ತೆ ಟೀಚರ್ ಬಿಟ್ಟ ಸೂಪು. "ಸದ್ದು ಮಾಡ್ಕಂಡು ಉಣ್ಣಪ್ಪ, ಅವಳಿಗೆ ಕೇಳ್ಬೇಕು" ಅಂತ ಬೇರೆ. ನಾನು ಸದ್ದು ಮಾಡಿಕೊಂಡು ಉಂಡೆ. ಟೀಚರ್ ನನ್ನ ಬಾಯಿಯನ್ನೇ ನೋಡುತ್ತಾ ಕೂರುವಳು. ಒಂದು ಸಲ, "ಹೆಂಗೈತ್ರಿ ಬಸ್ಸಾರು?" ಅಂತ ಕೇಳಿದಳು. ಆ ಕೇಳುವಿಕೆಯಲ್ಲಿ ಹಸಿವು ಇರಲಿಲ್ಲ. ತುಂಬಾ ದಿನದ ಹಿಂದೆ ಊರು ಬಿಟ್ಟ ಗೆಳತಿ ಹೇಗಿದ್ದಾಳೆ ಅಂತ ಕೇಳಿದಂಗಿತ್ತು. "ಉಪ್ಪು ಒಂಚೂರು ಕಮ್ಮಿ" ಅಂತ ಸುಳ್ಳು ಹೇಳಿದೆ.

ಹೊರಡುವ ದಿನ ಅವ್ವ ಮಗಳ ಕೆನ್ನೆ ಸವರಿದರು. ಅದು ಇನ್ನೂ ಇಳಿದಿತ್ತು. ನನ್ನ ಹೊಟ್ಟೆ ನೋಡಿದರು. ಅಂಗಿಯ ಕೆಳಗಿನ ಗುಂಡಿ ಹಾಕಲು ಬರುತ್ತಿರಲಿಲ್ಲ.

"ಔಷಧಿ ಏನೋ ಒಳ್ಳೇದೇಯ," ಅಂದರು ಅವ್ವ ನಿಟ್ಟುಸಿರು ಬಿಟ್ಟು, "ಕುರಿ ಅದಲುಬದಲು ಆತು."

ಜೋಗುಳ

ಹೊಸದುರ್ಗದಲ್ಲಿ ನನ್ನ ತಂಗಿಯ ಮೊಮ್ಮಗುವಿಗೆ ನಾಮಕರಣ. ಟೀಚರ್ ಬರುವುದು ಬೇಡ ಅಂದೆ. "ಮನೇಲಿ ಮಲಗಿ ಮಲಗಿ ಗೋಡೆ ಎಲ್ಲ ಬಾಯಿಪಾಠ ಆಗೈತೆ, ಹೋಗಾಣ ನಡೀರಿ" ಅಂದಳು. ನನಗೂ ಆ ಮಾತು ಕೇಳಿ ಖುಷಿಯಾಯಿತು.

ಹೆಂಗಸರೆಲ್ಲ ತೊಟ್ಟಿಲ ಸುತ್ತ ಕುಳಿತರು. ಟೀಚರ್‌ಗೆ ಒರಗಿಕೊಳ್ಳಲು ದಿಂಬು ಕೊಟ್ಟು ತೊಟ್ಟಿಲ ಪಕ್ಕದಲ್ಲೇ ಕೂರಿಸಿದರು. ಮಗು ಚೀರಲು ಶುರು ಮಾಡಿತು. ವಯಸ್ಸಾದ ಹೆಣ್ಣುಮಗಳೊಬ್ಬರು ಜೋಗುಳ ಎತ್ತಿದರು, ಉಳಿದವರು ದನಿಗೂಡಿಸಿದರು. ಮಗು ಇನ್ನೂ ಜೋರಾಗಿ ಚೀರಿತು. ಇವರೂ ಬಿಡಲಿಲ್ಲ, ಇನ್ನೊಂದು ಹಾಡಿದರು. ತೊಟ್ಟಿಲು ತೂಗುವವರು ಬದಲಾದರು. ಮಗುವಿನ ಮುಖ ಟೊಮೆಟೊ ಆಯಿತು. ನಾವು ಗಂಡಸರು ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದೆವು.

ಇದ್ದಕ್ಕಿದ್ದಂತೆ ಒಳಗೆ ಹಾಡು ನಿಂತಿತು. ಗುಸುಗುಸು ಕೇಳಿಸಿತು. ಒಳಗೆ ಓಡಿದೆ.

ಟೀಚರ್ ತೊಟ್ಟಿಲ ಹಗ್ಗಕ್ಕೆ ತಲೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಸಣ್ಣಗೆ ಗೊರಕೆ. ಆ ಗೊರಕೆಯನ್ನು ಕೇಳುತ್ತಾ ಮಗು ಅಳುವುದನ್ನು ಬಿಟ್ಟು ಕಣ್ಣರಳಿಸಿ ಅವಳನ್ನೇ ನೋಡುತ್ತಿತ್ತು.

ನನ್ನ ತಂಗಿ ನನ್ನನ್ನು ಬಾಗಿಲಲ್ಲೇ ತಡೆದಳು. "ಅಣ್ಣ, ಎಬ್ಬಿಸಬ್ಯಾಡ. ಜೋಗುಳಕ್ಕೆ ಒಬ್ರಾದ್ರೂ ಮಲಗ್ಲಿ ಬಿಡು."

ಕೊನೆಗೆ ಮಗುವಿಗೆ ಹೆಸರಿಡುವ ಶಾಸ್ತ್ರ. ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಅವಳಿಗೆ ಎಚ್ಚರವಾಗದಿರಲಿ ಅಂತ ಆ ಮನೆಯವರು ಎಷ್ಟು ಮೆಲ್ಲಗೆ ಹೇಳಿದರು ಅಂದರೆ, ಊಟಕ್ಕೆ ಕುಳಿತಾಗಲೂ ಅರ್ಧ ಜನಕ್ಕೆ ಮಗುವಿನ ಹೆಸರು ಗೊತ್ತಿರಲಿಲ್ಲ.

ಐಮಂಗಲದ ಅಜ್ಜಿ

ಹಿರಿಯೂರಿನಲ್ಲಿ ಟೀಚರ್ ಅಕ್ಕನ ಮನೆ. ನಾಕು ದಿನ ಅಲ್ಲಿದ್ದು ಬರಲಿ, ಜಾಗ ಬದಲಾದರೆ ಹುರುಪು ಬಂದೀತು ಅಂತ ಕರೆದುಕೊಂಡು ಹೊರಟೆ. ಚಿತ್ರದುರ್ಗದಲ್ಲಿ ಬಸ್ ಬದಲಾಯಿಸಿದೆವು. ರಶ್ಶು. ಅವಳಿಗೆ ಒಬ್ಬ ಅಜ್ಜಿಯ ಪಕ್ಕ ಜಾಗ ಸಿಕ್ಕಿತು, ನನಗೆ ಎರಡು ಸೀಟು ಹಿಂದೆ. ಮೊದಲೆಲ್ಲ ಅವಳು ಕುಳಿತರೆ ಪಕ್ಕದವರು ಎದ್ದು ನಿಲ್ಲಬೇಕಾಗುತ್ತಿತ್ತು. ಈಗ ಅಜ್ಜಿ, ಅಜ್ಜಿಯ ಗಂಟು, ಟೀಚರ್ ಮೂವರಿಗೂ ಆರಾಮಾಗಿ ಜಾಗ ಸಾಕಾಯಿತು.

ಬಸ್ಸು ಹೈವೇ ಹತ್ತುವ ಮೊದಲೇ ಅವಳ ತಲೆ ಅಜ್ಜಿಯ ಹೆಗಲಿಗೆ ವಾಲಿತು. ನಾನು ಎದ್ದು ಸರಿಮಾಡಬೇಕು ಅಂದುಕೊಂಡೆ. ಅಂದುಕೊಂಡದ್ದಷ್ಟೇ ನೆನಪು, ನನಗೂ ನಿದ್ದೆ ಹತ್ತಿತು.

ಹಿರಿಯೂರಿನಲ್ಲಿ ಕಂಡಕ್ಟರ್ ಬಾಗಿಲು ಬಡಿದಾಗ ಎಚ್ಚರವಾಯಿತು. ಬಸ್ಸು ಖಾಲಿ. ಅಜ್ಜಿ ಮಾತ್ರ ಅಲುಗಾಡದೆ ಕುಳಿತಿದ್ದರು, ಟೀಚರ್ ಇನ್ನೂ ಅವರ ಹೆಗಲ ಮೇಲೆ.

"ಅಜ್ಜಿ, ನೀನು ಐಮಂಗಲಕ್ಕೆ ಟಿಕೆಟ್ ತಗಂಡಿದ್ದೆ. ಯಾಕೆ ಇಳೀಲಿಲ್ಲ?" ಅಂದ ಕಂಡಕ್ಟರ್.

"ಹೆಂಗೆ ಇಳೀಲಪ್ಪ? ಕೂಸಿನಂಗೆ ಮಲಗಿತ್ತು. ಎಷ್ಟು ದಣಿದಿತ್ತೋ ಏನೋ."

ಟೀಚರ್ ಎದ್ದವಳು ನಾಚಿಕೆಯಿಂದ ಅಜ್ಜಿಯ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು. "ಮೊದಲು ನಾನು ಹಿಂಗಿರ್ಲಿಲ್ಲ ಅಜ್ಜಿ. ಒಂದು ಮೈದಾನ ಆಳ್ತಿದ್ದೆ" ಅಂದಳು. "ಆಳ್ತೀಯ ಬಿಡವ್ವ, ಎಲ್ಲಿಗೆ ಹೋಗ್ತೈತೆ ಮೈದಾನ" ಅಂದರು ಅಜ್ಜಿ.

ವಾಪಸ್ ಹೋಗುವ ಬಸ್ಸಿಗೆ ಅಜ್ಜಿಯನ್ನು ಹತ್ತಿಸಲು ಹೋದೆ. ಅಜ್ಜಿ ಮೆಟ್ಟಿಲ ಮೇಲೆ ನಿಂತು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಅಲ್ಲಪ್ಪ, ಇವಳ ಗಂಡ ನೀನೇನಾ? ಬಸ್ಸಲ್ಲಿ ಎಲ್ಲಿದ್ದೆ?"

"ಹಿಂದಿನ ಸೀಟಲ್ಲೇ ಇದ್ದೆ ಅಜ್ಜಿ. ನಿದ್ದೆ ಹತ್ತಿತ್ತು."

"ಸದ್ಯ, ನೀನು ಪಕ್ಕದಲ್ಲಿರ್ಲಿಲ್ಲ, ನನ್ನ ಇನ್ನೊಂದು ಹೆಗಲೂ ಹೋಗಾದು" ಅಂದು ಒಳಗೆ ಹೋದರು.

ಕಬ್ಬಿಣ

ತಿಂಗಳುಗಳು ಕಳೆದರೂ ಸುಸ್ತು ಇಳಿಯಲಿಲ್ಲ. ಮೈ ಇಳಿಯುತ್ತಾ ಹೋಯಿತು, ಕೂದಲು ಬಾಚಣಿಗೆ ತುಂಬ ಬರತೊಡಗಿತು. ದಾವಣಗೆರೆಯ ಡಾಕ್ಟರು ಫೋನಿನಲ್ಲಿ, ಚಿತ್ರದುರ್ಗದಲ್ಲೇ ಒಬ್ಬ ಲೇಡಿ ಡಾಕ್ಟರ ಹೆಸರು ಹೇಳಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಬೆಳಿಗ್ಗೆ ರಕ್ತ ಕೊಟ್ಟೆವು. ರಿಪೋರ್ಟು ಮಧ್ಯಾಹ್ನ. ಅಲ್ಲಿವರೆಗೆ ಏನು ಮಾಡುವುದು? "ಚಂದ್ರವಳ್ಳಿಗೆ ಹೋಗಾಣ" ಅಂದಳು ಟೀಚರ್. ಕಾಲೇಜಿನಲ್ಲಿದ್ದಾಗ ದಿನಾ ಬೆಳಿಗ್ಗೆ ಕೆರೆ ದಂಡೆವರೆಗೆ ಓಡುತ್ತಿದ್ದ ಜಾಗ ಅದು.

ಆಟೋ ಇಳಿದು ಸ್ವಲ್ಪ ದೂರ ನಡೆದಳು. ಒಂದು ಬಂಡೆ ಸಿಕ್ಕಿತು, ಕುಳಿತಳು. ಮತ್ತೆ ಎದ್ದು ಸ್ವಲ್ಪ ನಡೆದಳು. ಇನ್ನೊಂದು ಬಂಡೆ. ಚಿತ್ರದುರ್ಗದಲ್ಲಿ ಬಂಡೆಗೇನು ಬರ. ಮೂರನೆಯದರ ಮೇಲೆ ಕುಳಿತವಳು ಏಳಲಿಲ್ಲ. ನೀರು ಕಾಣುತ್ತಿತ್ತು, ಮುಟ್ಟಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಬಂದರು. ಜೊತೆಗೆ ಒಬ್ಬ ಎಳೇ ಪಿ.ಟಿ. ಮೇಷ್ಟ್ರು, ಸೀಟಿ ಊದಿ ಊದಿ ಕೆನ್ನೆ ಕೆಂಪಾಗಿತ್ತು. ಮಕ್ಕಳು ಅವರ ಮಾತು ಕೇಳದೆ ಗುಹೆ ಕಡೆ ಒಂದಷ್ಟು, ನೀರಿನ ಕಡೆ ಒಂದಷ್ಟು ಚದುರಿದರು. ಟೀಚರ್ ಬೆನ್ನು ನೆಟ್ಟಗಾಯಿತು. ಅವಳು ಎದೆ ತುಂಬ ಗಾಳಿ ಎಳೆದುಕೊಂಡಳು. ನನಗೆ ಗೊತ್ತಾಯಿತು, ಕಿವಿ ಗಟ್ಟಿ ಮಾಡಿಕೊಂಡೆ. ಬಾಯಿ ತೆರೆದಳು. ಬರೀ ಗಾಳಿ ಬಂತು. ಒಂದು ಕೆಮ್ಮು ಬಂತು. ಪಕ್ಕದ ಮರದ ಮೇಲಿನ ಕೋತಿ ಕೂಡ ತಿರುಗಿ ನೋಡಲಿಲ್ಲ.

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಮೈ ಇಳೀಲಿ ಅಂತ ಮಾಡಿಸ್ಕಂಡೆ ಕಣ್ರಿ. ನಾನೇ ಇಳಿದು ಹೋದೆ."

ನಾನು ಪಕ್ಕದಲ್ಲಿ ಕುಳಿತೆ. ಅವಳ ರವಿಕೆಯ ತೋಳು ಗಾಳಿಗೆ ಪಟಪಟ ಅನ್ನುತ್ತಿತ್ತು. ಮೊದಲು ಆ ತೋಳಲ್ಲಿ ಗಾಳಿಗೆ ಜಾಗವೇ ಇರಲಿಲ್ಲ. ಸೌತೆಕಾಯಿ ಮಾರುವ ಹೆಂಗಸು ಬುಟ್ಟಿ ಇಳಿಸಿ, ಅವಳನ್ನು ನೋಡಿದಳು, ನನ್ನ ಹೊಟ್ಟೆ ನೋಡಿದಳು.

"ಏನಕ್ಕ, ಅಣ್ಣ ಒಬ್ರೇ ಉಣ್ತಾರಾ?"

ಮಧ್ಯಾಹ್ನ ಲೇಡಿ ಡಾಕ್ಟರು ರಿಪೋರ್ಟು ನೋಡಿ, "ಕಬ್ಬಿಣದ ಅಂಶ ಬಹಳ ಕಮ್ಮಿ ಇದೆ. ಬಿ ಟ್ವೆಲ್ವ್ ಕೂಡ ಕಮ್ಮಿ. ಗುಳಿಗೆ ಕೊಟ್ಟಿದ್ದರಲ್ಲ, ತಗೋತಾ ಇದ್ದೀರಾ?" ಅಂದರು.

ಟೀಚರ್ ತಲೆ ತಗ್ಗಿಸಿದಳು. "ಮೊದಮೊದಲು ತಗಂತಿದ್ದೆ ಮೇಡಂ. ಆಮೇಲೆ ಬಿಟ್ಟೆ."

"ಯಾಕೆ?"

"ಎದ್ದು ಹೋಗಿ ತಗಳಾಕೆ ಸುಸ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನು ವಾತಾವರಣ ಸ್ವಲ್ಪ ಹಗುರ ಮಾಡೋಣ ಅಂತ, "ಇವಳು ಕಾಲೇಜಲ್ಲಿ ಕಬ್ಬಿಣದ ಗುಂಡು ಎಸೀತಿದ್ಲು ಮೇಡಂ. ಎಸೆದು ಎಸೆದು ಸ್ಟಾಕು ಖಾಲಿಯಾಗಿರಬೇಕು" ಅಂದೆ. ಮೊದಲಾಗಿದ್ದರೆ ತೊಡೆಗೆ ಚಿವುಟು ಬೀಳುತ್ತಿತ್ತು. ಅವಳು ಸುಮ್ಮನೆ ನಕ್ಕಳು. ಅವಳು ನಕ್ಕಿದ್ದು ನೋಡಿ ಡಾಕ್ಟರಿಗೆ ಸಂತೋಷವಾಯಿತು. ನನಗೆ ಅಳು ಬಂತು.

"ಹೆದರಬೇಡಿ, ಇದು ಸರಿಹೋಗುತ್ತೆ," ಅಂದರು ಡಾಕ್ಟರು. "ಕಬ್ಬಿಣದ ಡ್ರಿಪ್ ಹಾಕ್ತೀವಿ, ಇಂಜೆಕ್ಷನ್ ಕೊಡ್ತೀವಿ. ಆದರೆ ಗುಳಿಗೆ, ಪ್ರೋಟೀನ್ ತಪ್ಪಿಸಂಗಿಲ್ಲ. ನಿಧಾನಕ್ಕೆ ಶಕ್ತಿ ಬರುತ್ತೆ."

ಡ್ರಿಪ್ ಹಾಕುವ ರೂಮು ಮೇಲಿನ ಮಹಡಿಯಲ್ಲಿ. ಟೀಚರ್ ಲಿಫ್ಟಿನಲ್ಲಿ ಹೋದಳು. ಲಿಫ್ಟು ತುಂಬಿತ್ತು ಅಂತ ನಾನು ಮೆಟ್ಟಿಲು ಹತ್ತಿದೆ. ಅವ್ವನ ಮುದ್ದೆಗಳು ಒಂದೊಂದಾಗಿ ನೆನಪಿಗೆ ಬಂದವು. ಮೇಲೆ ಹೋಗಿ ಏದುಸಿರು ಬಿಡುತ್ತಾ ಬಾಗಿಲು ಹಿಡಿದು ನಿಂತೆ. ಒಳಗೆ ಹೊಸ ನರ್ಸ್ ಇದ್ದಳು. "ಬರ್ರಿ ಅಣ್ಣ, ಬರ್ರಿ" ಅಂತ ಕೈ ಹಿಡಿದು ಕರೆದೊಯ್ದು ಮಂಚದ ಮೇಲೆ ಮಲಗಿಸಿದಳು. ನನಗೆ ಮಾತಾಡಲು ಉಸಿರಿರಲಿಲ್ಲ. ತೋಳಿಗೆ ರಬ್ಬರ್ ಪಟ್ಟಿ ಬಿತ್ತು. ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಟೀಚರ್ ಇದನ್ನೆಲ್ಲ ಆರಾಮಾಗಿ ನೋಡುತ್ತಿದ್ದಳು. ಸೂಜಿ ಹತ್ತಿರ ಬಂದಾಗ ನಾನು ಕಣ್ಣಲ್ಲೇ ಬೇಡಿಕೊಂಡೆ.

"ಸಿಸ್ಟರ್," ಅಂದಳು ಅವಳು ಮೆಲ್ಲಗೆ, "ಅದು ಜೊತೆಗೆ ಬಂದಿರಾದು. ಪೇಷಂಟು ನಾನು."

ಸಾವಧಾನ್

ಡ್ರಿಪ್ ಹಾಕಿದ ಮಾರನೇ ದಿನಕ್ಕೇ ಗುಣ ಕಾಣಲಿಲ್ಲ. ಗುಳಿಗೆ ಡಬ್ಬಿಯನ್ನು ನಾನೇ ಹೊತ್ತು ಹೊತ್ತಿಗೆ ಕೈಗೆ ತಂದು ಕೊಟ್ಟೆ. ಮೊದಲು ಗೇಟಿನವರೆಗೆ ನಡೆದಳು, ಆಮೇಲೆ ಬೀದಿಯ ಕೊನೆವರೆಗೆ. ಮೊಟ್ಟೆಯ ಬಿಳಿಭಾಗ, ಬೇಯಿಸಿದ ಕಾಳು ಸ್ವಲ್ಪ ಸ್ವಲ್ಪ ಸೇರತೊಡಗಿತು. ರಜೆ ಮುಗಿದು ಸ್ಕೂಲಿಗೆ ಹೋದಳು. ಹೆಡ್‌ಮಾಸ್ಟರು ಒಳ್ಳೆಯವರು. ಬೇವಿನ ಮರದ ಕೆಳಗೆ ಒಂದು ಕುರ್ಚಿ ಹಾಕಿಸಿ, "ಟೀಚರ್, ನೀವು ಇಲ್ಲಿ ಕುಂತಿದ್ರೆ ಸಾಕು" ಅಂದರಂತೆ. ಅವಳು ಕೂರುವಳು. ಬೀರುವಿನಲ್ಲಿದ್ದ ಸೀಟಿ ಹೊರಗೆ ಬಂತು. ಮಕ್ಕಳು ಅದಕ್ಕೆ ಬಗ್ಗಲಿಲ್ಲ. ಸಂಜೆ ಮನೆಗೆ ಬಂದು ಸೀಟಿಯನ್ನು ಟೇಬಲ್ ಮೇಲಿಟ್ಟು ಅದನ್ನೇ ನೋಡುತ್ತಾ ಕೂರುವಳು. ನಾನು ಏನಾದರೂ ತಪ್ಪು ಮಾಡಿ ನೋಡುವೆ. ಅದೇ ಪಿಸುಮಾತು.

ಹಿಂಗಿರುವಾಗ ಅವರ ಸ್ಕೂಲಿನ ಮೈದಾನದಲ್ಲೇ ಕ್ರೀಡಾಕೂಟ ಬಂತು. ಸುತ್ತಮುತ್ತಲಿನ ಶಾಲೆಗಳ ಮಕ್ಕಳೆಲ್ಲ ಸೇರಿದ್ದರು. ಮುಖ್ಯ ಅತಿಥಿಗಳು ಇನ್ನೇನು ಬರಬೇಕು, ಮೈಕು ಕೆಟ್ಟಿತು. ಮೈಕಿನವನು ಊಟಕ್ಕೆ ಹೋಗಿದ್ದ. ಅಂಗಡಿಯಿಂದ ನನ್ನನ್ನು ಕರೆಸಿದರು. ಕಂಬಕ್ಕೆ ಏಣಿ ಹಾಕಿ, ಹತ್ತಿ, ವೈರು ಹಿಡಿದು ನೋಡಿದರೆ ಜಾಯಿಂಟು ಬಿಟ್ಟಿತ್ತು.

ಮೇಲಿಂದ ಇಡೀ ಮೈದಾನ ಕಾಣುತ್ತಿತ್ತು. ಮೈಕಿಲ್ಲ ಅಂತ ಗೊತ್ತಾದ ತಕ್ಷಣ ಮಕ್ಕಳ ಸಾಲುಗಳು ಹಾವಿನಂತೆ ಬಳುಕಿದವು, ಆಮೇಲೆ ಸಾಲೇ ಇಲ್ಲ. ಒಂದು ಶಾಲೆಯವರು ಐಸ್‌ಕ್ಯಾಂಡಿ ಗಾಡಿಗೆ ಮುತ್ತಿದರು. ಇನ್ನೊಂದು ಶಾಲೆಯವರು ಹಗ್ಗಜಗ್ಗಾಟದ ಹಗ್ಗವನ್ನು ತಾವೇ ತೆಗೆದುಕೊಂಡು ಎಳೆಯತೊಡಗಿದರು. ಮೇಷ್ಟ್ರುಗಳು ಊದಿದ ಸೀಟಿಗಳು ಗದ್ದಲದಲ್ಲಿ ಮುಳುಗಿದವು. ಹೆಡ್‌ಮಾಸ್ಟರು ಹಾರ ಹಿಡಿದು, ಆಗತಾನೆ ಜೀಪು ಇಳಿದ ಅತಿಥಿಗಳ ಕಡೆ ಓಡುತ್ತಿದ್ದರು.

ಬೇವಿನ ಮರದ ಕೆಳಗೆ ಟೀಚರ್ ಎದ್ದು ನಿಂತದ್ದು ಕಾಣಿಸಿತು. ಕುರ್ಚಿಯ ಬೆನ್ನು ಹಿಡಿದುಕೊಂಡಳು. ಸೀಟಿ ತೆಗೆದು ಕುರ್ಚಿ ಮೇಲಿಟ್ಟಳು.

"ಸಾ... ವಧಾನ್!"

ನಾನು ಆ ದನಿಯನ್ನು ಎಷ್ಟು ತಿಂಗಳಿಂದ ಕೇಳಿರಲಿಲ್ಲವೋ. ಬೇವಿನ ಮರದ ಹಕ್ಕಿಗಳು ಒಟ್ಟಿಗೆ ಎದ್ದವು. ಮಕ್ಕಳು ಇದ್ದಲ್ಲೇ ಕಾಲು ಜೋಡಿಸಿ ಕಂಬವಾದರು. ಹಗ್ಗ ಎಳೆಯುತ್ತಿದ್ದವರು ಹಗ್ಗ ಬಿಟ್ಟು ನೆಟ್ಟಗಾದರು. ಐಸ್‌ಕ್ಯಾಂಡಿಯವನು ಅಟೆನ್ಷನ್. ಬಂದೋಬಸ್ತಿನ ಕಾನ್‌ಸ್ಟೇಬಲ್ ಅಟೆನ್ಷನ್. ಮುಖ್ಯ ಅತಿಥಿಗಳು ವೇದಿಕೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದವರು ಆ ಕಾಲನ್ನು ಹಿಂದಕ್ಕೆ ತೆಗೆದು ಜೋಡಿಸಿ ನಿಂತರು. ಹೆಡ್‌ಮಾಸ್ಟರ ಕೈಗಳು ಹಾರದ ಸಮೇತ ಅತಿಥಿಗಳ ಮೂಗಿನ ಮುಂದೆ ನಿಂತುಬಿಟ್ಟವು. ನಾನು ಏಣಿಯ ಮೇಲೆ ಅಟೆನ್ಷನ್.

ಇನ್ನು "ವಿಶ್ರಾಮ್" ಅನ್ನಬೇಕು. ಎಲ್ಲರೂ ಕಾದೆವು.

ವಿಶ್ರಾಮ್ ಬರಲಿಲ್ಲ. ಇದ್ದಬದ್ದ ಶಕ್ತಿಯೆಲ್ಲ ಸಾವಧಾನ್‌ಗೇ ಖರ್ಚಾಗಿತ್ತು. ಟೀಚರ್ ಎದೆ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕುಳಿತು, ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಡಾಕ್ಟರು ಹೇಳಿದ್ದಾರಲ್ಲ, ಗಟಗಟ ಕುಡಿಯುವ ಹಾಗಿಲ್ಲ. ಸ್ವಲ್ಪ ತಡೆದು ಇನ್ನೊಂದು ಗುಟುಕು. ಇಡೀ ಮೈದಾನ ಆ ಬಾಟಲಿಯನ್ನೇ ನೋಡುತ್ತಿತ್ತು.

ಅತಿಥಿಗಳು ತುಟಿ ಅಲುಗಿಸದೆ ಕೇಳಿದರು. "ಇನ್ನೂ ಎಷ್ಟೊತ್ತು ಹೆಡ್‌ಮಾಸ್ಟ್ರೇ?"

"ಅದು ನನ್ನ ಕೈಲಿಲ್ಲ ಸಾರ್" ಅಂದರು ಹೆಡ್‌ಮಾಸ್ಟರು. ಹಾರ ನಡುಗುತ್ತಿತ್ತು.

ಟೀಚರ್ ಬಾಟಲಿ ಮುಚ್ಚಿದಳು. ಎದ್ದಳು. ಮೈದಾನವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳ ಮುಖದಲ್ಲಿ ಬಣ್ಣ ಬಂದಿತ್ತು. ನೋಡುತ್ತಾ ನೋಡುತ್ತಾ ಕಣ್ಣು ಏಣಿಯ ಮೇಲೆ ಬಂದು ನಿಂತಿತು.

"ರೀ! ಬರಿಗಾಲಲ್ಲಿ ಕರೆಂಟ್ ಕಂಬ ಹತ್ತೀರಲ್ಲ, ಬುದ್ಧಿ ಐತಾ ನಿಮಗೆ? ಚಪ್ಪಲಿ ಎಲ್ಲಿ? ಆ ಏಣಿ ಕಾಲು ಅಲ್ಲಾಡ್ತೈತೆ, ಹಿಡ್ಕಳಾಕೆ ಒಬ್ರನ್ನ ಕರೀಬಾರ್ದಾ? ಬಿದ್ದು ಸೊಂಟ ಮುರ್ಕಂಡ್ರೆ ನಿಮ್ಮನ್ನ ಎತ್ತಾಕೆ ನನ್ನ ಕೈಲಿ ಶಕ್ತಿ ಐತಾ ಈಗ? ಆ ಹೊಟ್ಟೆ ನೋಡ್ರಿ, ಹೊಟ್ಟೆ!"

ಇಡೀ ಮೈದಾನ ಅಟೆನ್ಷನ್‌ನಲ್ಲಿ ನಿಂತು ಕೇಳಿತು. ಕಾನ್‌ಸ್ಟೇಬಲ್ ಕೂಡ ನನ್ನ ಹೊಟ್ಟೆ ನೋಡಿದ. ನನಗೆ ಕಣ್ಣು ಮಂಜಾಗಿ ವೈರೇ ಕಾಣಲಿಲ್ಲ. ಅವಳು ಉಸಿರಿಗೆ ನಿಂತು, ಮತ್ತೆ ಬಾಟಲಿಗೆ ಕೈ ಹಾಕಿದಳು.

ಹೆಡ್‌ಮಾಸ್ಟರಿಗೆ ತಡೆಯಲಾಗಲಿಲ್ಲ. "ಟೀಚರ್, ಈಗ ವಿಶ್ರಾಮ್ ಅನ್ಬಹುದಾ? ಕೈ ಸೋತೈತೆ."

ನಾನು ಏಣಿಯ ಮೇಲಿಂದಲೇ ಕೈ ಮುಗಿದೆ.

"ಸಾರ್, ದಯವಿಟ್ಟು ಒಂದು ನಿಮಿಷ ತಡೀರಿ. ಅವಳು ನೀರು ಕುಡೀತಾ ಅವಳೆ ಅಷ್ಟೇ, ಬೈದು ಇನ್ನೂ ಮುಗಿದಿಲ್ಲ."